ಗೇನ್ ಅಂದರೆ ತೂಬು

ಮೈಕ್ ಸೆಟ್ಟಿನ ಮಿಕ್ಸರಿನ ಕೆಂಪು ದೀಪ ಉರಿದರೆ ಒಳ್ಳೆಯದು ಅಂತ ಒಂದು ವಾರ ನಂಬಿಕೊಂಡಿದ್ದೆ. ದೀಪ ಹತ್ತಿದಷ್ಟೂ ಮೈಕು ಚೆನ್ನಾಗಿ ದುಡಿಯುತ್ತಿದೆ ಅನ್ನೋ ಲೆಕ್ಕ ನನ್ನದು. ಅದರ ಪಕ್ಕದಲ್ಲಿ ‘ಪೀಕ್’ ಅಂತ ಬೇರೆ ಬರೆದಿತ್ತು. ಪೀಕ್ ಅಂದರೆ ಶಿಖರ, ಶಿಖರ ಮುಟ್ಟಿದರೆ ತಪ್ಪೇನು? ನಮ್ಮ ನಾಟಕದ ದುರ್ಯೋಧನ ಪ್ರಾಕ್ಟೀಸಿನಲ್ಲಿ ಒಂದು ಸಲ ಅಬ್ಬರಿಸಿದರೆ ದೀಪ ಕೆಂಡದ ಹಾಗೆ ಉರಿಯೋದು, ಸ್ಪೀಕರ್ ಬಾಕ್ಸಿನಿಂದ ಹರಿದ ತಮಟೆಯ ಸದ್ದು ಬರೋದು. ಬಾಕ್ಸು ಹಳೇದು, ಅದಕ್ಕೇ ಹೀಗೆ ಅಂತ ನಾವೆಲ್ಲ ಸೇರಿ ಬಾಕ್ಸನ್ನೇ ಬೈದೆವು.

ನಾನು ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿ. ನಮ್ಮೂರಲ್ಲಿ ಹಬ್ಬ ಮುಗಿದ ಮೇಲೆ ಪೌರಾಣಿಕ ನಾಟಕ ಆಡೋದು ತಲೆಮಾರಿನಿಂದ ಬಂದದ್ದು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು, ಮೈಕ್ ಸೆಟ್ಟು, ಎಲ್ಲಾ ಬಾಡಿಗೆ. ಹೋದ ವರ್ಷ ಮೈಕ್ ಸೆಟ್ಟಿನ ಬಾಡಿಗೆ 18,000 ಕೇಳಿದಾಗ ಹುಡುಗರು ಸಿಟ್ಟಾಗಿ ಚಂದಾ ಎತ್ತಿ 68,000ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಸೆಟ್ಟೇ ತಂದುಬಿಟ್ಟರು. ಎಲ್ಲಾ ಮೈಕಿನ ದನಿಯನ್ನೂ ಹದ ಮಾಡಿ ಸೇರಿಸೋ ಹನ್ನೆರಡು ಚಾನಲ್ಲಿನ ಮಿಕ್ಸರು, ಒಂದು ಆಂಪ್ಲಿಫೈಯರು, ಎರಡು ಬಾಕ್ಸು, ಆರೇಳು ಮೈಕು, ದಪ್ಪ ದನಿಯಿಂದ ಕೀಚು ದನಿಯವರೆಗೆ ಒಂದೊಂದನ್ನೂ ಬೇರೆಯಾಗಿ ಏರಿಸಿ ಇಳಿಸೋಕೆ ಸಾಲಾಗಿ ಮೂವತ್ತೊಂದು ಕಡ್ಡಿ ಇರೋ ಒಂದು ಈಕ್ವಲೈಸರು, ಒಂದು ಗೋಣಿಚೀಲದ ತುಂಬ ವೈರು. ನಡೆಸೋರು ಯಾರು ಅಂತ ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ‘ಸೆಕ್ರೇಟ್ರಿ ದಿನಾ ಹಾಲಿನ ಫ್ಯಾಟ್ ಅಳೆಯೋ ಮಿಷನ್ನು ಓಡುಸ್ತಾರೆ, ಇದ್ಯಾವ ಮಹಾ’ ಅಂದರು.

ಮೊದಲ ದಿನ ಮಿಕ್ಸರಿನ ಮುಂದೆ ಕೂತಾಗ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪೇಪರು ನೆನಪಾಯಿತು. ನೂರಾರು ಗುಂಡಿ, ಒಂದೊಂದರ ಕೆಳಗೂ ಒಂದೊಂದು ಪದ. ಇನ್ನೂರು ಪುಟದ ನೋಟ್ ಬುಕ್ ತಂದು ಎಡಗಡೆ ಪದ, ಬಲಗಡೆ ಅರ್ಥ ಅಂತ ಗೆರೆ ಎಳೆದೆ. ಮಗಳ ನಿಘಂಟು ಇಟ್ಟುಕೊಂಡು ಬರೆಯುತ್ತಾ ಹೋದೆ. ಗೇನ್: ಲಾಭ. ಆಕ್ಸ್: ಸಹಾಯಕ. ಬಸ್: ಬಸ್ಸು. ಪ್ಯಾನ್: ಬಾಣಲೆ. ಪ್ಯಾನ್ ಅಂದರೆ ಇನ್‌ಕಂ ಟ್ಯಾಕ್ಸ್ ಕಾರ್ಡು ಅಂತ ಮಗಳು ತಿದ್ದಿದಳು. ಆ ಪುಟ ಇವತ್ತಿಗೂ ಇದೆ, ಹರಿದು ಹಾಕಲು ಮನಸ್ಸು ಬಂದಿಲ್ಲ. ಹೀಗೆ ನಾಲ್ಕು ಪುಟ ತುಂಬಿದ ಮೇಲೂ ಒಂದು ಮೈಕಿನಿಂದ ನೆಟ್ಟಗೆ ‘ಹಲೋ’ ಹೊರಡಲಿಲ್ಲ. ಕೊನೆಗೆ ಮಿಕ್ಸರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬೈಕಿಗೆ ಕಟ್ಟಿಕೊಂಡು ಮಂಡ್ಯದ ಗುತ್ತಲು ರಸ್ತೆ ಕಡೆ ಹೊರಟೆ. ಅಲ್ಲಿ ಒಬ್ಬರು ಹಳೇ ಸೆಟ್ಟಿನವರಿದ್ದಾರೆ. ಮೂವತ್ತು ವರ್ಷದಿಂದ ಮದುವೆ, ಜಾತ್ರೆ, ನಾಟಕ, ಎಲೆಕ್ಷನ್ ಭಾಷಣ ಎಲ್ಲಾ ಕಂಡವರು. ಸೆಟ್ಟಿನ ಅಣ್ಣ ಅಂತಲೇ ಎಲ್ಲರೂ ಕರೆಯೋದು. ಹೆದರಿಕೊಂಡೇ ಹೋದೆ. ಬಾಡಿಗೆ ತಪ್ಪಿಸಿ ಸ್ವಂತ ಸೆಟ್ಟು ಕೊಂಡ ಊರಿನವನಿಗೆ ಯಾಕಾದರೂ ಹೇಳಿಕೊಡಬೇಕು? ಅವರು ನೋಟ್ ಬುಕ್ ತಿರುವಿ ಹಾಕಿ, ಬಾಣಲೆ ಅನ್ನೋ ಕಡೆ ನಿಲ್ಲಿಸಿ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ಆಮೇಲೆ ಕಾಫಿ ತರಿಸಿದರು.

‘ನೀರು ಕಟ್ಟಿದ್ದೀರಾ ಸೆಕ್ರೇಟ್ರಿ, ಗದ್ದೆಗೆ?’

‘ಕಟ್ಟದೆ ಏನಣ್ಣ.’

‘ಅಂಗಾದ್ರೆ ಗೇನ್ ಅಂದ್ರೆ ತೂಬು ಅಂತ ತಿಳ್ಕಳಿ. ನಾಲೆಯಿಂದ ನಿಮ್ಮ ಕಾಲುವೆಗೆ ಎಷ್ಟು ನೀರು ಬುಡಬೇಕು ಅನ್ನೋದು ಅಲ್ಲೇ ತೀರ್ಮಾನ. ಕೆಳಗೆ ಎಳೀತೀರಲ್ಲ, ಫೇಡರು, ಅದು ಗದ್ದೆ ಬಾಯಿ. ತೂಬು ಪೂರ್ತಿ ಎತ್ತಿ ಕಾಲುವೆ ಏರಿ ಮೇಲೆ ನೀರು ಅರೀತಾ ಇದ್ರೆ, ಗದ್ದೆ ಬಾಯಿ ಮುಚ್ಚುದ್ರೆ ಏರಿ ಉಳೀತದಾ?’

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಕುಡಿದು ಬೆಳೆದವನಿಗೆ ಇದಕ್ಕಿಂತ ಬೇರೆ ಪಾಠ ಬೇಕಿರಲಿಲ್ಲ. ಒಂದು ವಾರ ನಾನು ಮಾಡಿದ್ದು ಅದನ್ನೇ. ಗೇನ್ ಪೂರ್ತಿ ತಿರುಗಿಸಿ, ಸದ್ದು ಜಾಸ್ತಿಯಾಯಿತು ಅಂತ ಫೇಡರ್ ಇಳಿಸುತ್ತಿದ್ದೆ. ಮೈಕಿನಿಂದ ಬರುವುದು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು, ಅಷ್ಟು ಸಣ್ಣ ಕರೆಂಟು. ಅದನ್ನು ಮಿಕ್ಸರ್ ಕೆಲಸ ಮಾಡುವ ಮಟ್ಟಕ್ಕೆ ಎತ್ತುವುದು ಗೇನಿನ ಕೆಲಸ. ವಿಪರೀತ ಎತ್ತಿದರೆ ಅಲೆಯ ತಲೆ ಅಲ್ಲೇ ಕತ್ತರಿಸಿ ಚಪ್ಪಟೆಯಾಗುತ್ತದೆ. ಅದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಒಮ್ಮೆ ಕತ್ತರಿಸಿದ ತಲೆ ಮುಂದೆ ಎಷ್ಟು ಇಳಿಸಿದರೂ ಮತ್ತೆ ಹುಟ್ಟುವುದಿಲ್ಲ. ಸಣ್ಣ ಸದ್ದಿನಲ್ಲೂ ಹರಕು ದನಿಯೇ. ಕೆಂಪು ದೀಪ ಹೇಳುತ್ತಿದ್ದದ್ದು ಏರಿ ಒಡೆಯುತ್ತಿದೆ ಅಂತ, ನಾವು ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದೆವು. ಬಾಕ್ಸಿಗೆ ಮನಸ್ಸಿನಲ್ಲೇ ತಪ್ಪಾಯಿತು ಅಂದೆ.

ಅದರ ಬೆನ್ನಿಗೇ ಹೆಡ್‌ರೂಮ್ ಅನ್ನೋ ಪದ ಬಂತು. ಇದನ್ನು ನಾನೇ ಹೊಂದಿಸಿಕೊಂಡೆ. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಅನ್ನೋದು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಬಾಯಿಪಾಠ. ಈಗಿನ ನೀರಿನ ಮಟ್ಟದಿಂದ ಅಲ್ಲಿಯವರೆಗೆ ಉಳಿದ ಜಾಗವೇ ಹೆಡ್‌ರೂಮು. ಮಾಮೂಲಿ ಮಾತಿಗೇ ಕಟ್ಟೆ ತುಂಬಿಸಿ ಕೂತರೆ ದುರ್ಯೋಧನ ಗದೆ ಎತ್ತಿ ಕೂಗಿದಾಗ ಆ ನೀರಿಗೆ ಜಾಗ ಎಲ್ಲಿ? ಅಲ್ಲಿಂದ ಪ್ರತಿಯೊಬ್ಬ ಪಾತ್ರಧಾರಿಯನ್ನೂ ನಿಲ್ಲಿಸಿ ‘ನಿನ್ನ ಅತಿ ದೊಡ್ಡ ಕೂಗು ಯಾವುದೋ ಅದನ್ನು ಕೂಗು’ ಅಂತ ಕೂಗಿಸಿ, ಕೆಂಪು ಮಿಣುಕಿದ ಕಡೆಯಿಂದ ಗೇನನ್ನು ಹಿಂದಕ್ಕೆ ತಂದು ಪೆನ್ಸಿಲ್ ಗುರುತು ಹಾಕಿದೆ. ಭೀಮನ ಪಾತ್ರದವನು ಮಾತ್ರ ಪ್ರಾಕ್ಟೀಸಿನಲ್ಲಿ ಪಿಸುಗುಟ್ಟುತ್ತಾನೆ, ಸ್ಟೇಜಿನಲ್ಲಿ ಗುಡುಗುತ್ತಾನೆ. ಅವನಿಗೆ ಯಾವ ಪೆನ್ಸಿಲ್ಲೂ ಸಾಲದು.

ಡೆಸಿಬಲ್ ಮಾತ್ರ ತಿಂಗಳು ಹಿಡಿಯಿತು. ಫೇಡರಿನ ಪಕ್ಕ ಮುಕ್ಕಾಲು ಎತ್ತರದಲ್ಲಿ ಸೊನ್ನೆ ಇದೆ, ಮೇಲೆ ಪ್ಲಸ್ 10, ಕೆಳಗೆಲ್ಲ ಮೈನಸ್ಸು. ಸೊನ್ನೆ ಅಂದರೆ ಸದ್ದೇ ಇಲ್ಲ ಅಂತಲ್ಲವೇ? ಅಲ್ಲ. ಸೊನ್ನೆ ಅಂದರೆ ‘ಬಂದದ್ದನ್ನು ಬಂದ ಹಾಗೇ ಬಿಡು, ಸೇರಿಸಬೇಡ, ಕಳೆಯಬೇಡ’ ಅಂತ. ಡೆಸಿಬಲ್ ಅನ್ನೋದು ಲೀಟರಿನ ಹಾಗೆ ಅಳತೆಯಲ್ಲ, ಇದಕ್ಕೆ ಹೋಲಿಸಿದರೆ ಅದೆಷ್ಟು ಅನ್ನೋ ಲೆಕ್ಕ. ಟೆಲಿಫೋನಿನ ಗ್ರಹಾಂ ಬೆಲ್ ಹೆಸರಿನ ‘ಬೆಲ್’, ಅದರ ಹತ್ತರಲ್ಲೊಂದು ಪಾಲು ಡೆಸಿಬಲ್. ಇದು ಗೊತ್ತಾದ ಮೇಲೆ ಊರಿನ ಒಂದು ಹಳೇ ಜಗಳ ತೀರಿತು. ಬಾಕ್ಸಿಗೆ ಈಗಿನ ಎರಡರಷ್ಟು ವ್ಯಾಟ್ ಕೊಟ್ಟರೆ ಎರಡರಷ್ಟು ಜೋರಾಗಿ ಕೇಳುತ್ತದೆ ಅಂತ ಹುಡುಗರ ವಾದ. ವ್ಯಾಟ್ ಎರಡರಷ್ಟಾದರೆ ಹೆಚ್ಚೋದು ಬರೀ 3 ಡೆಸಿಬಲ್. ಕಿವಿಗೆ ‘ಸ್ವಲ್ಪ ಜಾಸ್ತಿ ಆಯ್ತೇನೋ’ ಅನ್ನಿಸೋವಷ್ಟು. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತರಷ್ಟು ವ್ಯಾಟು, 100 ಇದ್ದದ್ದು 1000. ಹುಡುಗರು ನಂಬಲಿಲ್ಲ, ಈಗಲೂ ನಂಬಿಲ್ಲ.

ವ್ಯಾಟಿನ ಮಾತು ಬಂತಲ್ಲ, ಅಲ್ಲೂ ಒಂದು ಮೋಸವಿತ್ತು. ಮಾರಿದವನು ‘ಒಂದೊಂದೂ ಸಾವಿರ ವ್ಯಾಟಿನ ಬಾಕ್ಸು’ ಅಂದಿದ್ದ. ಬಾಕ್ಸಿನ ಹಿಂದಿನ ತಗಡಿನಲ್ಲಿ ಮೂರು ಅಂಕಿಗಳಿದ್ದವು: ಆರ್‌ಎಂಎಸ್ 250, ಪ್ರೋಗ್ರಾಂ 500, ಪೀಕ್ 1000. ಈ ಸಲ ಸೆಟ್ಟಿನ ಅಣ್ಣ ಹೇಳಿಕೊಡಬೇಕಾಗಲಿಲ್ಲ, ಸೊಸೈಟಿ ಸೆಕ್ರೆಟರಿಗೇ ಹೊಳೆಯಿತು. ಹಸು ಮಾರೋನು ‘ಹೊತ್ತಿಗೆ ಹದಿನೈದು ಲೀಟರು’ ಅಂತಾನೆ. ಕರು ಹಾಕಿದ ಹೊಸದರಲ್ಲಿ ಯಾವುದೋ ಒಂದು ದಿನ ಕೊಟ್ಟಿರಲೂಬಹುದು, ಅದು ಪೀಕು. ದಿನಾ ಬೆಳಿಗ್ಗೆ ಸಂಜೆ ಡೈರಿ ಕ್ಯಾನಿಗೆ ಬೀಳೋದು ಎಷ್ಟು ಅನ್ನೋದು ಆರ್‌ಎಂಎಸ್ಸು. ಬಾಕ್ಸು ಬಿಸಿಯೇರಿ ಸುಡದೆ ಗಂಟೆಗಟ್ಟಲೆ ತಾಳಿಕೊಳ್ಳುವ ಶಕ್ತಿ ಅದೇ. ನಮ್ಮ ಮನೆಯ ಹಳೇ ಟೇಪ್ ರೆಕಾರ್ಡರಿನ ಮೇಲೆ ‘ಪಿಎಂಪಿಒ’ ಅಂತ, ಅಂದರೆ ಕ್ಷಣಮಾತ್ರದ ಪೀಕು ಅಂತ, ಸಾವಿರದ ಮೇಲಿನ ಅಂಕಿ ಬರೆದಿದ್ದದ್ದು ನೆನಪಾಯಿತು. ಅದು ಹಸು ದಲ್ಲಾಳಿಯ ಲೆಕ್ಕಕ್ಕಿಂತಲೂ ಮೇಲಿನ ಲೆಕ್ಕ.

ಓಮ್, ಅಂದರೆ ಕರೆಂಟಿಗೆ ಬಾಕ್ಸು ಒಡ್ಡುವ ತಡೆಯ ಅಳತೆ, ಅದನ್ನು ಬೇಗ ಮುಗಿಸುತ್ತೇನೆ. ಒಂದು ಬಾಕ್ಸು 8 ಓಮ್. ಎರಡನ್ನು ಒಂದೇ ಲೈನಿಗೆ ಪಕ್ಕಪಕ್ಕ ಸೇರಿಸಿದರೆ 16 ಅಲ್ಲ, 4. ನಾಲ್ಕು ಸೇರಿಸಿದರೆ 2. ಎರಡು ಗದ್ದೆ ಬಾಯಿ ತೆರೆದರೆ ತಡೆ ಕಡಿಮೆಯಾಗಿ ನೀರು ಜಾಸ್ತಿ ಹರಿಯುವ ಹಾಗೆ. ಆಂಪ್ಲಿಫೈಯರಿನ ಹಿಂದೆ 4 ಓಮಿಗಿಂತ ಕೆಳಗೆ ಇಳಿಸಬೇಡಿ ಅಂತ ಬರೆದಿತ್ತು. ಅದನ್ನು ಓದದೆ ಪಕ್ಕದೂರಿನ ಎರಡು ಬಾಕ್ಸು ತಂದು ಸೇರಿಸಿದ ದಿನ ಅದು ಹತ್ತು ನಿಮಿಷಕ್ಕೆ ಬಿಸಿಯಾಗಿ ತಾನೇ ಆಫ್ ಆಯಿತು. ಒಳಗೆ ಪ್ರೊಟೆಕ್ಷನ್ ಇದ್ದದ್ದಕ್ಕೆ ಬದುಕಿತು.

ಹಾರ್ನಿನದ್ದು ಬೇರೆಯೇ ಕಥೆ. ಊರ ದೇವಸ್ಥಾನದ ಮೇಲೆ ಹಳೇ ಹಾರ್ನ್ ಇದೆ. ಜನ ಜಾಸ್ತಿ ಸೇರುತ್ತಾರೆ, ಅದನ್ನೂ ಇದಕ್ಕೇ ಸೇರಿಸೋಣ ಅಂತ ವೈರು ಎಳೆದು ನಮ್ಮ ಆಂಪ್ಲಿಫೈಯರಿಗೆ ಕೊಟ್ಟರೆ ಸೊಳ್ಳೆ ಹಾಡಿದಷ್ಟು ಸದ್ದು. ‘ಹಾರ್ನ್ ಹೋಗೈತೆ, ಹೊಸದು ತರಾನ’ ಅಂತ ತೀರ್ಮಾನವೂ ಆಗಿತ್ತು. ಸೆಟ್ಟಿನ ಅಣ್ಣ ಫೋನಿನಲ್ಲೇ ಕೇಳಿದರು: ‘ಹಾರ್ನ್ ಹಿಂದೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಐತಾ ನೋಡಿ.’ ಇತ್ತು. ಅದು 100 ವೋಲ್ಟ್ ಲೈನಿನ ಹಾರ್ನು. ಊರಿಗೆ ಕರೆಂಟು ದೂರದಿಂದ ಹೈಟೆನ್ಷನ್ನಿನಲ್ಲಿ ಬಂದು ಟಿ.ಸಿ. (ಊರಿನ ಟ್ರಾನ್ಸ್‌ಫಾರ್ಮರ್) ಹತ್ತಿರ ಇಳಿಯುತ್ತದಲ್ಲ, ಅದೇ ಉಪಾಯ. ಉದ್ದ ವೈರಿನಲ್ಲಿ ಶಕ್ತಿ ಸೋರಿ ಹೋಗಬಾರದು ಅಂತ ವೋಲ್ಟೇಜು ಏರಿಸಿ ಕಳಿಸಿ, ಹಾರ್ನಿನ ಹತ್ತಿರ ಇಳಿಸಿಕೊಳ್ಳೋದು. ದೇವಸ್ಥಾನದ ಹಳೇ ಆಂಪ್ಲಿಫೈಯರಿನ ಬೆನ್ನಿಗೆ ‘100ವಿ’ ಅಂತ ಒಂದು ತಿರುಪು ಇತ್ತು, ಇಷ್ಟು ವರ್ಷ ಪೂಜಾರಪ್ಪ ಅದಕ್ಕೇ ವೈರು ಸಿಗಿಸುತ್ತಿದ್ದರು. ಅದೇನು ಅಂತ ಅವರಿಗೂ ಗೊತ್ತಿಲ್ಲ, ಆದರೆ ಅವರ ಸಂಪರ್ಕ ಸರಿ, ಎಲ್ಲಾ ಓದಿಕೊಂಡ ನನ್ನದು ತಪ್ಪು.

ಇಡೀ ನೋಟ್ ಬುಕ್ಕಿನಲ್ಲಿ ನನಗೆ ತುಂಬಾ ಇಷ್ಟವಾದ ಪದ ‘ಬ್ಯಾಲೆನ್ಸ್ಡ್’. ಮೈಕ್ ವೈರಿನ ತುದಿಯಲ್ಲಿ ಮೂರು ಕಡ್ಡಿ ಇರುವ ಪಿನ್ನಿಗೆ ಎಕ್ಸ್‌ಎಲ್‌ಆರ್ ಅಂತಾರೆ. ಒಂದನೇ ಕಡ್ಡಿ ಅರ್ಥಿಂಗು. ಸದ್ದಿಗೆ ಒಂದು ವೈರು ಸಾಕಲ್ಲ, ಎರಡು ಮತ್ತು ಮೂರು ಎರಡೂ ಯಾಕೆ ಅಂತ ಕೇಳಿದ್ದಕ್ಕೆ ಸೆಟ್ಟಿನ ಅಣ್ಣ ಚೀಟಿಯ ಮೇಲೆ ಅಲೆ ಬರೆದು ತೋರಿಸಿದರು. ಎರಡನೇ ಕಡ್ಡಿಯಲ್ಲಿ ಅಲೆ ನೆಟ್ಟಗೆ ಹೋಗುತ್ತದೆ, ಮೂರರಲ್ಲಿ ಅದೇ ಅಲೆ ತಲೆಕೆಳಗಾಗಿ. ದಾರಿಯಲ್ಲಿ ಜನರೇಟರಿನ ಗುಂಯ್ ಸದ್ದು, ಸೀರಿಯಲ್ ಸೆಟ್ಟಿನ ಕರಕರ ಎರಡೂ ವೈರಿಗೂ ಒಂದೇ ಸಮ ಅಂಟಿಕೊಳ್ಳುತ್ತವೆ. ಮಿಕ್ಸರಿನ ಬಾಗಿಲಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ, ಅಂಟಿಕೊಂಡ ಕಸ ಎರಡೂ ಕಡೆ ಸಮ ಇರೋದರಿಂದ ಸೊನ್ನೆಯಾಗುತ್ತದೆ. ತಲೆಕೆಳಗಾದ ದನಿ ಮಾತ್ರ ಕಳೆಯುವಾಗ ಕೂಡಿಕೊಂಡು ಎರಡರಷ್ಟಾಗುತ್ತದೆ. ಎಷ್ಟು ಸರಳ, ಎಷ್ಟು ಜಾಣತನ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ‘ಊಟಕ್ಕೆ ಬನ್ನಿ’ ಅಂದಳು.

ಅದೇ ಎರಡು ವೈರುಗಳ ಮೇಲೆ ಕಾಣದ ಹಾಗೆ 48 ವೋಲ್ಟು ಸವಾರಿ ಮಾಡುತ್ತದೆ, ಅದಕ್ಕೆ ಫ್ಯಾಂಟಮ್ ಅಂತ ಹೆಸರು. ತೂಗುಹಾಕುವ ಕಂಡೆನ್ಸರ್ ಮೈಕುಗಳು ಈ ಕರೆಂಟಿಲ್ಲದೆ ಉಸಿರಾಡುವುದಿಲ್ಲ. ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕಿಗೆ ಒಳಗಿನ ಸುರುಳಿಯೂ ಅಯಸ್ಕಾಂತವೂ ಸಾಕು, ಎರಡು ಕಡ್ಡಿಯಲ್ಲೂ ಸಮನಾಗಿರುವ ಈ ವೋಲ್ಟು ಅದಕ್ಕೆ ತಟ್ಟುವುದೂ ಇಲ್ಲ. ಫ್ಯಾಂಟಮ್ ಅಂದರೆ ದೆವ್ವ ಅಂತ ನಿಘಂಟಿನಿಂದ ಓದಿದ್ದನ್ನು ಕೇಳಿಸಿಕೊಂಡ ನಮ್ಮತ್ತೆ ಆ ಮಿಕ್ಸರನ್ನು ದೇವರ ಕೋಣೆಯ ಪಕ್ಕ ಇಡಲು ಬಿಡಲಿಲ್ಲ.

ಈ ಪದಗಳಿಗೆಲ್ಲ ಕನ್ನಡ ಮಾಡೋಣ ಅಂತ ನಡುವೆ ಒಂದು ಹುಕಿ ಬಂದಿತ್ತು. ಪಕ್ಕದ ಮೈಸೂರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ನಿಲಯ ನಡೆಸಿದರು. ಅದಕ್ಕೆ ಹತ್ತಿದ ‘ಆಕಾಶವಾಣಿ’ ಅನ್ನೋ ಹೆಸರು ಮುಂದೆ ದೇಶಕ್ಕೇ ಆಯಿತು. ಅಂಥ ಹೆಸರು ಗೇನಿಗೂ ಯಾಕಿರಬಾರದು? ‘ವರ್ಧನೆ’ ಅಂತ ಬರೆದು ಗುಂಡಿಗೆ ಚೀಟಿ ಅಂಟಿಸಿದೆ. ಪ್ರಾಕ್ಟೀಸಿಗೆ ಬಂದ ಕೃಷ್ಣ ‘ಸೆಕ್ರೇಟ್ರಿ, ನನ್ನ ವರ್ಧನೆ ವಸಿ ಏರ್ಸಿ’ ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚೀಟಿ ಕಿತ್ತು ಹಾಕಿದೆ. ಗೇನ್ ಗೇನಾಗಿಯೇ ಇರಲಿ, ಅದು ತೂಬು ಅಂತ ತಿಳಿದರೆ ಸಾಕು.

ನಮ್ಮ ಹಾರ್ಮೋನಿಯಂ ಮೇಷ್ಟ್ರಿಗೆ ಈ ಇಂಗ್ಲಿಷಿನ ಗೊಡವೆಯೇ ಇಲ್ಲ. ಎಪ್ಪತ್ತರ ಮೇಲಾಗಿದೆ ವಯಸ್ಸು. ನಾನು ಫೀಡ್‌ಬ್ಯಾಕ್ ಅನ್ನುವುದಕ್ಕೆ ಅವರು ‘ಕೀರಲು’ ಅಂತಾರೆ. ಬಾಕ್ಸಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಅದೇ ಮತ್ತೆ ಬಾಕ್ಸಿಗೆ ಬಂದು, ಸುತ್ತಿ ಸುತ್ತಿ ಕೂಯ್ ಅನ್ನುವುದು. ನಮ್ಮ ಬಾಕ್ಸುಗಳು ಮೈಕಿನ ಹಿಂದೆ, ಸೀನರಿಯ ಪಕ್ಕದಲ್ಲಿದ್ದವು. ಮೈಕಿಗೆ ‘ಕಾರ್ಡಿಯಾಯ್ಡ್’ ಅಂತ ಒಂದು ಗುಣ ಇರುತ್ತದೆ. ಅದು ಕೇಳಿಸಿಕೊಳ್ಳುವ ಜಾಗದ ನಕ್ಷೆ ಹೃದಯದ ಆಕಾರದ್ದು, ಮುಂದೆ ಚುರುಕು, ಬೆನ್ನಿಗೆ ಕಿವುಡು. ಬಾಕ್ಸುಗಳನ್ನು ಮೈಕಿಗಿಂತ ಮುಂದಕ್ಕೆ, ಜನರ ಕಡೆ ಮುಖ ಮಾಡಿ ಇಟ್ಟಾಗ ಕೀರಲು ಮುಕ್ಕಾಲು ನಿಂತಿತು. ದುರ್ಯೋಧನ ಮೈಕಿನ ಜಾಲರಿ ಮೇಲೆ ಕೈ ಮುಚ್ಚಿ ಹಿಡಿಯೋದನ್ನು ಬಿಡಿಸಿದಾಗ ಇನ್ನಷ್ಟು. ಕೈ ಮುಚ್ಚಿದರೆ ಬೆನ್ನಿನ ಕಿವುಡು ಹೋಗಿ ಮೈಕು ಎಲ್ಲಾ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ. ಆದರೂ ಒಂದು ಕೀರಲು ಉಳಿದೇ ಉಳಿಯಿತು. ಮೂವತ್ತೊಂದು ಕಡ್ಡಿಯ ಈಕ್ವಲೈಸರಿನಲ್ಲಿ ಯಾವುದನ್ನು ಇಳಿಸಬೇಕು ಅಂತ ತಿಳಿಯದೆ ಒಂದೊಂದೇ ಇಳಿಸುತ್ತಾ ಹೋದೆ. ಕೊನೆಗೆ ದನಿಯೇ ಕಂಬಳಿ ಹೊದ್ದ ಹಾಗಾಯಿತು.

ಮೇಷ್ಟ್ರು ತಾಂಬೂಲ ಉಗಿದು ಬಂದು ಕೂತರು. ‘ಇನ್ನೊಂದ್ಸಲ ಕೀರಲುಸಪ್ಪ’ ಅಂದರು. ಫೇಡರ್ ಮೆಲ್ಲಗೆ ಏರಿಸಿದೆ. ಕೂಯ್ ಅಂತು. ಅವರು ಕಣ್ಣು ಮುಚ್ಚಿ ಹಾರ್ಮೋನಿಯಂನ ಎರಡು ಮನೆ ತಡಕಿ ಒಂದು ಮನೆ ಒತ್ತಿದರು. ‘ಬಿಳಿ ಆರು. ಇದಲ್ಲ, ಇದರ ಮೇಲಿನ ಸ್ಥಾಯಿದು.’ ಅಷ್ಟೇ ಹೇಳಿ ಎದ್ದರು. ನನ್ನ ಮೈ ಜುಮ್ಮೆಂದಿತು. ಬಿಳಿ ಆರು ಅಂದರೆ ಸ್ಥಾಯಿಯ ಆರನೇ ಬಿಳಿ ಮನೆ, ಮಧ್ಯ ಸ್ಥಾಯಿಯಲ್ಲಿ 440 ಹರ್ಟ್ಸ್, ಸೆಕೆಂಡಿಗೆ 440 ಕಂಪನ. ಸ್ಥಾಯಿ ಏರಿದ ಹಾಗೆಲ್ಲ ಎರಡರಷ್ಟು. ಅವರು ಒತ್ತಿದ್ದು 880, ಅದರ ಮೇಲಿನದು 1760. ಈಕ್ವಲೈಸರಿನಲ್ಲಿ ಅದಕ್ಕೆ ಹತ್ತಿರದ ಕಡ್ಡಿ 1.6ಕೆ, ಅಂದರೆ 1600. ಉಳಿದ ಮೂವತ್ತನ್ನೂ ಸೊನ್ನೆಗೆ ತಂದು ಅದೊಂದನ್ನು 6 ಡೆಸಿಬಲ್ ಇಳಿಸಿದೆ. ಫೇಡರ್ ಏರಿಸಿದೆ, ಕೀರಲಿಲ್ಲ. ಇನ್ನೂ ಏರಿಸಿದೆ. ಸ್ಟೇಜಿನ ಮೇಲೆ ಜೀರುಂಡೆ ಕೂಗಿದ್ದೂ ಬಾಕ್ಸಿನಲ್ಲಿ ಕೇಳಿಸಿತು. ಆ ರಾತ್ರಿ ನೋಟ್ ಬುಕ್ಕಿನಲ್ಲಿ ಮೂರನೇ ಕಾಲಂ ಎಳೆದು ‘ಮೇಷ್ಟ್ರ ಮಾತು’ ಅಂತ ತಲೆಬರಹ ಹಾಕಿದೆ. ಕ್ಲಿಪ್ಪಿಂಗ್ ಎದುರಿಗೆ ‘ದನಿ ಒಡೀತದೆ’, 200 ಹರ್ಟ್ಸಿನ ಆಸುಪಾಸಿಗೆ ‘ಮಡಕೆಯೊಳಗೆ ಮಾತಾಡ್ದಂಗೆ’, 3000ದ ಆಸುಪಾಸಿಗೆ ‘ಕಿವಿಗೆ ಚುಚ್ತದೆ’. ಎರಡನೇ ಕಾಲಮ್ಮಿಗಿಂತ ಅದನ್ನೇ ಹೆಚ್ಚು ತಿರುವಿ ನೋಡಿದ್ದೇನೆ.

ನಾಟಕದ ದಿನ ಸಂಜೆ ಆರಕ್ಕೇ ಶುರು. ಲೌಡ್ ಸ್ಪೀಕರಿಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಷೇಧ ಅನ್ನೋದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಬೆಳಗಾಗುವವರೆಗೆ ಆಡುತ್ತಿದ್ದ ನಾಟಕ ನಾಲ್ಕು ಗಂಟೆಗೆ ಕುಗ್ಗಿತು, ಹಾಡುಗಳಿಗೆ ಕತ್ತರಿ ಬಿತ್ತು, ಮೇಷ್ಟ್ರ ಮುಖ ಗಂಟಾಯಿತು. ಆದರೆ ಸೌಂಡಿನ ಬಗ್ಗೆ ಮೊದಲ ಎರಡು ಗಂಟೆ ಯಾರೂ ಏನೂ ಅನ್ನಲಿಲ್ಲ. ಸೌಂಡಿನವನಿಗೆ ಅದೇ ಬಿರುದು.

ನೋಟ್ ಬುಕ್ಕಿನಲ್ಲಿ ಒಂದು ಪದ ಮಾತ್ರ ಅರ್ಥ ಬರೆಯದೆ ಬಿಟ್ಟಿದ್ದೆ: ಪಿಎಫ್‌ಎಲ್. ಪ್ರತಿ ಫೇಡರಿನ ಹತ್ತಿರವೂ ಇರುವ ಸಣ್ಣ ಗುಂಡಿ. ಒತ್ತಿದರೆ ಹೆಡ್‌ಫೋನಿನಲ್ಲಿ ಆ ಮೈಕು ಕೇಳುತ್ತದೆ ಅಂತ ಗೊತ್ತಿತ್ತು, ಅಷ್ಟು ಸಾಕು ಅಂದುಕೊಂಡಿದ್ದೆ. ಜೂಜಿನ ಸೀನು ಬಂತು. ಎಡಗಡೆಯ ಸ್ಟ್ಯಾಂಡ್ ಮೈಕು ಶಕುನಿಯದು. ಶಕುನಿ ನನ್ನ ಭಾವ, ಹೆಂಡತಿಯ ಅಣ್ಣ. ಹದಿನಾಲ್ಕು ವರ್ಷದಿಂದ ಅದೇ ಪಾತ್ರ. ಭಾವನ ದನಿ ಚೆನ್ನಾಗಿ ಬರುತ್ತಿದೆಯೋ ಇಲ್ಲವೋ ನೋಡೋಣ ಅಂತ ಆ ಗುಂಡಿ ಒತ್ತಿ ಹೆಡ್‌ಫೋನ್ ಹಾಕಿಕೊಂಡೆ. ಏನು ದನಿ, ಏನು ಸ್ಪಷ್ಟ! ದಾಳ ಉರುಳಿದ ಸದ್ದೂ ಕೇಳಿಸುತ್ತಿತ್ತು. ತಲೆದೂಗುತ್ತಾ ಕೂತೆ. ಜನ ಎದ್ದು ನಿಂತು ನನ್ನ ಕಡೆ ಕೈ ಮಾಡುತ್ತಿದ್ದರು. ಭಾವನ ನಟನೆಗೆ ಮೆಚ್ಚಿ ನನ್ನನ್ನೂ ಅಭಿನಂದಿಸುತ್ತಿದ್ದಾರೆ ಅಂತ ನಾನೂ ಕೈ ಎತ್ತಿದೆ. ಐದು ನಿಮಿಷವಾದ ಮೇಲೆ ಒಬ್ಬ ಹುಡುಗ ಓಡಿ ಬಂದು ಹೆಡ್‌ಫೋನ್ ಕಿತ್ತ. ಅಂಗಳದ ತುಂಬ ‘ಮೈಕು! ಮೈಕು!’ ಅನ್ನೋ ಗಲಾಟೆ.

ಪಿಎಫ್‌ಎಲ್ ಅಂದರೆ ಫೇಡರಿಗಿಂತ ಮುಂಚಿನ ದನಿ. ಫೇಡರ್ ಎಲ್ಲಿದ್ದರೂ ಅದಕ್ಕೆ ಸಂಬಂಧವಿಲ್ಲ. ಹಿಂದಿನ ಸೀನಿನಲ್ಲಿ ಆ ಮೈಕು ಬೇಡ ಅಂತ ನಾನೇ ಫೇಡರನ್ನು ಕೆಳಕ್ಕೆ ಎಳೆದು ಮರೆತಿದ್ದೆ. ಕಾಲುವೆಯಲ್ಲಿ ತುಂಬಾ ನೀರು, ಗದ್ದೆ ಬಾಯಿಗೆ ಮಣ್ಣು. ಶಕುನಿ ಪಾಂಡವರ ರಾಜ್ಯ, ತಮ್ಮಂದಿರು, ದ್ರೌಪದಿ ಎಲ್ಲವನ್ನೂ ಗೆದ್ದದ್ದು ನನ್ನೊಬ್ಬನ ಕಿವಿಗೆ ಮಾತ್ರ.

ನೋಟ್ ಬುಕ್ಕಿನಲ್ಲಿ ಈಗ ಅದರ ಅರ್ಥ ಬರೆದಿದ್ದೇನೆ. ಭಾವ ಮಾತಾಡುತ್ತಿಲ್ಲ. ಸೊಸೈಟಿಗೆ ಹಾಲನ್ನು ಮಗನ ಕೈಯಲ್ಲಿ ಕಳಿಸುತ್ತಾರೆ.